ಒಂದೊಂದೂ ಚಿಕ್ಕದೇ, ಆದರೆ ಊರಲ್ಲಿ ಉಳಿದದ್ದೆಷ್ಟು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗದಗ ಕಡೆಯವನು. 22 ವರ್ಷದಿಂದ ವಾಸ್ಕೋದಲ್ಲಿದ್ದೇನೆ, ಬಂದರಿನ ಹತ್ತಿರವೇ ಮನೆ. ಟೆಂಪೊ ಓಡಿಸುತ್ತೇನೆ. ನಮ್ಮ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಸಾಂಗೇ ತಾಲೂಕಿನ ವೇಳಿಪ್ ಅನ್ನುವ ಆದಿವಾಸಿ ಸಮುದಾಯದವನು. ಜೋಡಿ ರೈಲು ಹಳಿ, ಅನಮೋಡ ರಸ್ತೆ, ದೊಡ್ಡ ಕರೆಂಟ್ ಲೈನು, ಯಾವುದರ ಮಾತು ಬಂದರೂ "ನಮ್ಮೂರು ಚೂರುಚೂರೇ ಮುಗೀತಾ ಬಂತು" ಅಂತಾನೆ. ಪೇಪರಿನಲ್ಲಿ ನೋಡಿದರೆ ಒಂದೊಂದು ಯೋಜನೆಗೂ ಹೋಗುವ ಕಾಡು ಸ್ವಲ್ಪವೇ. ಜೋಡಿ ಹಳಿ ಆದರೆ ನಮಗೂ ಊರಿಗೆ ಹೋಗಲು ಅನುಕೂಲ. ಊರೇ ಮುಗೀತು ಅನ್ನೋದು ಜಾಸ್ತಿ ಆಯ್ತು ಅಲ್ವಾ? ಆದಿವಾಸಿಗಳಿಗೆ ಅಭಿವೃದ್ಧಿಯೇ ಬೇಡವಾ?

ಉತ್ತರ: ನಿಮ್ಮ ಮನೆ ಬಂದರಿನ ಹತ್ತಿರ ಅಂದಿರಿ. ಹಾಗಾದರೆ ಅರ್ಧ ಉತ್ತರ ನಿಮ್ಮ ಕಿಟಕಿಯ ಮೇಲೇ ಇದೆ. ಬೆಳಿಗ್ಗೆ ಒರೆಸಿದ ಜಾಗದಲ್ಲಿ ಸಂಜೆ ಬೆರಳಾಡಿಸಿದರೆ ಕಲ್ಲಿದ್ದಲಿನ ಕಪ್ಪು ಪುಡಿ ಹತ್ತುತ್ತದೆ. ಆ ಪುಡಿ ಯಾರದು? ಹಡಗಿನಿಂದ ಇಳಿಸುವವರು ನಮ್ಮದಲ್ಲ ಅಂತಾರೆ. ರಾಶಿ ಹಾಕುವವರು ನೀರು ಸಿಂಪಡಿಸ್ತೀವಿ ಅಂತಾರೆ. ವ್ಯಾಗನ್ನಿನವರು ತಾಡಪತ್ರಿ ಹಾಕಿದ್ದೀವಿ ಅಂತಾರೆ. ಕಾಗದದ ಮೇಲೆ ಎಲ್ಲರದೂ ಮಿತಿಯೊಳಗೇ ಇರುತ್ತದೆ. ನಿಮ್ಮ ಮನೆಯವರು ಮಾತ್ರ ಒಂದೇ ಬಟ್ಟೆಯಲ್ಲಿ ಎಲ್ಲರ ಪುಡಿಯನ್ನೂ ಒರೆಸುತ್ತಾರೆ. ಆ ಹುಡುಗ ಹೇಳುತ್ತಿರುವುದೂ ಇದೇ ಮಾತು. ಆದರೆ ಅವನ ಲೆಕ್ಕ ನಿಮ್ಮದಕ್ಕಿಂತ ಮೂರು ತಲೆಮಾರು ಉದ್ದ.

ಕಡತದ ಭಾಷೆಯಲ್ಲಿ ಇದಕ್ಕೆ ಸಂಚಿತ ಪರಿಣಾಮ ಅಂತಾರೆ. ನಾನು ಸುಮ್ನೆ ಕೂಡುಪೆಟ್ಟು ಅಂತೀನಿ. ಯೋಜನೆಗಳಿಂದ ಜನರ ಮೇಲೆ, ನೆಲದ ಮೇಲೆ ಏನಾಗುತ್ತದೆ ಅಂತ ವರದಿ ಬರೆಯುವುದು ನನ್ನ ಕಸುಬು. ಈ ಕಸುಬಿನಲ್ಲಿ ನನಗೆ ಪಾಠ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಸಾಂಗೇ ತಾಲೂಕಿನ ಒಬ್ಬ ಆಜಿ, ಅಂದರೆ ಅಜ್ಜಿ.

ಸಮೀಕ್ಷೆಗೆ ಹೋಗಿದ್ದೆ. ಕೈಯಲ್ಲಿ ಅಚ್ಚು ಹಾಕಿಸಿದ ಫಾರಂ. ಅದರಲ್ಲಿ ಒಂದು ಚೌಕ: "ಯೋಜನೆಯಿಂದ ಈ ಕುಟುಂಬಕ್ಕೆ ಆಗುವ ನಷ್ಟ". ಆಜಿ ಅಂಗಳದಲ್ಲಿ ಕೂತು ಅಂಚು ಕಿತ್ತುಹೋದ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಾನು ಪ್ರಶ್ನೆ ಓದಿದೆ. ಅವರು ಮೊರ ನಿಲ್ಲಿಸಲೂ ಇಲ್ಲ. "ಯಾವ ಯೋಜನೆ ಬಾಯ್? ಮೊದಲನೇದಾ, ನಡುವಿನದಾ, ಈಗ ಬರೋದಾ?" ಅಂತ ಕೊಂಕಣಿಯಲ್ಲಿ ಕೇಳಿದರು. ಫಾರಂನಲ್ಲಿ ಒಂದೇ ಚೌಕ ಇತ್ತು. ಅವರು ಹೇಳಿದ್ದನ್ನೆಲ್ಲ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ.

ಮೊದಲು ಗುಡ್ಡ ಹೋಯಿತಂತೆ. ಅವರ ಅಮ್ಮನ ಕಾಲದಲ್ಲಿ ಗುಡ್ಡದ ಮೇಲೆ ಕುಮೇರಿ ಮಾಡಿ ನಾಚಣಿ, ಅಂದರೆ ರಾಗಿ, ಬೆಳೆಯುತ್ತಿದ್ದರು. ನಮ್ಮ ಉತ್ತರ ಕನ್ನಡದವರು ಕುಮರಿ ಅಂತಾರಲ್ಲ, ಅದೇ, ಕಾಡು ಕಡಿದು ಸುಟ್ಟು ಮಾಡುವ ಬೇಸಾಯ. ಕಾಡು ಸರ್ಕಾರದ್ದು ಅಂತ ಆಮೇಲೆ ಅದು ನಿಂತಿತು. ನಂತರ ಆಚೆ ಗುಡ್ಡದಲ್ಲಿ ಗಣಿ ಬಂತು. ಗಣಿ ಅವರ ಜಮೀನಿನಲ್ಲಿ ಒಂದು ಗುಂಟೆಯನ್ನೂ ತೆಗೆದುಕೊಳ್ಳಲಿಲ್ಲ. ಹಾಗಾಗಿ ಗಣಿಯ ಲೆಕ್ಕದಲ್ಲಿ ಈ ಮನೆಗೆ ನಷ್ಟ ಸೊನ್ನೆ. ಆದರೆ ಕೆಲವೇ ವರ್ಷಗಳಲ್ಲಿ ಮನೆ ಹಿಂದಿನ ಝರಿ ಫೆಬ್ರವರಿಗೇ ಬತ್ತತೊಡಗಿತು. ಮೊದಲು ಮೇ ತಿಂಗಳಲ್ಲೂ ಹರಿಯುತ್ತಿತ್ತಂತೆ.

ಯಾಕೆ ಹೀಗಾಗುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಗೋವಾದ ಗುಡ್ಡಗಳ ತಲೆ ಜಂಬಿಟ್ಟಿಗೆ ಕಲ್ಲಿನದು, ತುಂಬ ತೂತು. ಮಳೆನೀರನ್ನು ಕುಡಿದು ಕೆಳಕ್ಕೆ ಬಿಡುತ್ತದೆ. ಅದರ ಕೆಳಗಿನ ಪುಡಿ ಅದಿರೂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಗುಡ್ಡದ ಬುಡದಲ್ಲಿ ಝರಿಯಾಗಿ ಒಸರುವುದು ಆ ನೀರೇ. ಗಣಿಗುಂಡಿ ಅಂತರ್ಜಲಕ್ಕಿಂತ ಕೆಳಗೆ ಇಳಿದರೆ ಪಂಪು ಹಚ್ಚಿ ನೀರು ಹೊರಹಾಕಲೇಬೇಕು. ಗುಂಡಿ ಒಣಗುತ್ತದೆ, ಆಚೆ ಬದಿಯ ಝರಿಯೂ ಒಣಗುತ್ತದೆ. ಮಳೆಗಾಲದಲ್ಲಿ ಇದರ ತಿರುಗಾಮುರುಗಾ. ಒಂದು ಟನ್ ಅದಿರಿಗೆ ಎರಡು ಮೂರು ಟನ್ ಮಣ್ಣು ತೆಗೆದು ರಾಶಿ ಹಾಕಿರುತ್ತಾರೆ. ಆ ಕೆಂಪು ಮಣ್ಣು ಹಳ್ಳಕ್ಕಿಳಿದು ಗದ್ದೆಗೆ ಬರುತ್ತದೆ, ಒಣಗಿದ ಮೇಲೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. 2010-11ರ ಹೊತ್ತಿಗೆ ಗೋವಾದ ಬಂದರುಗಳಿಂದ ವರ್ಷಕ್ಕೆ 5 ಕೋಟಿ ಟನ್ನಿಗೂ ಜಾಸ್ತಿ ಅದಿರು ಹೋಗುತ್ತಿತ್ತು. ಅದರಲ್ಲಿ ನಮ್ಮ ಬಳ್ಳಾರಿ ಕಡೆಯದೂ ಇತ್ತು. ಉಳಿದದ್ದರ ಮಣ್ಣು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ.

ಝರಿ ಬತ್ತಿದ ಮೇಲೆ ಅವರ ಕುಳಾಗರ, ಅಂದರೆ ಅಡಿಕೆ ತೋಟ, ಸೊರಗಿತು. ಮಗ ಸಾಲ ಮಾಡಿ ಗಣಿಗೆ ಟ್ರಕ್ ಹಾಕಿದ. ಗದ್ದೆಯ ಬದು ಕಟ್ಟುವುದು ಊರಿನವರೆಲ್ಲ ಸೇರಿ ಮಾಡುವ ಕೆಲಸ. ಗಂಡಸರೆಲ್ಲ ಟ್ರಕ್ಕಿನ ಹಿಂದೆ ಹೋದ ಮೇಲೆ ಬದು ಕಟ್ಟುವವರಿಲ್ಲ, ಗದ್ದೆ ಪಾಳು ಬಿತ್ತು. 1999ರಲ್ಲಿ ನೇತ್ರಾವಳಿ ಅಭಯಾರಣ್ಯ ಘೋಷಣೆಯಾಯಿತು. ಅದು ಎಷ್ಟೋ ಗಣಿಗಳಿಗೆ ತಡೆ ಹಾಕಿತು, ನಿಜ. ಆದರೆ ಕಾಡಿನಿಂದ ಏನು ತರಬಹುದು, ಎಲ್ಲಿ ದನ ಮೇಯಿಸಬಹುದು ಎಂಬ ಅಂಜಿಕೆಯೂ ಅದರ ಜೊತೆ ಬಂತು. ನಮ್ಮಂಥವರಿಗೆ ಅಭಯಾರಣ್ಯ ಅಂದರೆ ಒಳ್ಳೇ ಸುದ್ದಿ. ಆಜಿಯ ಪಟ್ಟಿಯಲ್ಲಿ ಅದೂ ಒಂದು ಯೋಜನೆಯೇ. ಇದನ್ನು ಕೇಳಿ ನಮ್ಮ ಪರಿಸರದ ಗೆಳೆಯರು ಸ್ವಲ್ಪ ಮುಖ ಸಣ್ಣ ಮಾಡ್ತಾರೆ. ಮಾಡಲಿ.

2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಗೋವಾದ ಗಣಿಗಾರಿಕೆಯನ್ನೇ ನಿಲ್ಲಿಸಿತು. ಟ್ರಕ್ ಅಂಗಳದಲ್ಲಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಝರಿಯೇನೂ ಮಾರನೇ ದಿನ ವಾಪಸ್ ಬರುವುದಿಲ್ಲವಲ್ಲ.

ಇಷ್ಟಾದ ಮೇಲೆ ನಾನು ಹೋಗಿದ್ದು ಹೊಸ ಯೋಜನೆಯ ಫಾರಂ ಹಿಡಿದು. ನನ್ನ ಜೊತೆಗಿದ್ದ ಹುಡುಗ ಆ ಗದ್ದೆಗಳನ್ನು ನೋಡಿ ಏನು ಬರೆದುಕೊಂಡಿದ್ದ ಗೊತ್ತಾ? "ಪಾಳು ಭೂಮಿ, ಉಳುಮೆ ಇಲ್ಲ". ತಪ್ಪು ಬರೆದಿರಲಿಲ್ಲ, ಕಣ್ಣಿಗೆ ಕಂಡದ್ದನ್ನೇ ಬರೆದಿದ್ದ. ಹಿಂದಿನ ಯೋಜನೆಗಳು ಮಾಡಿದ ಗಾಯ ಮುಂದಿನ ಯೋಜನೆಗೆ ಸಾಕ್ಷಿಯಾಗಿ ನಿಂತಿತ್ತು: ಇಲ್ಲಿ ಕಳೆದುಕೊಳ್ಳಲು ಅಂಥದ್ದೇನೂ ಇಲ್ಲ ಅಂತ. ಪ್ರತಿ ಯೋಜನೆಯೂ ತಾನು ಬಂದ ದಿನದ ಸ್ಥಿತಿಯನ್ನು ಮೊದಲ ಸ್ಥಿತಿ ಅಂತ ಹಿಡಿಯುತ್ತದೆ. ಹತ್ತರಲ್ಲಿ ಎರಡು ಹೋದರೆ ಎರಡು ಹೋಯಿತು ಅಂತಾರೆ. ಆಮೇಲೆ ಬರುವವರಿಗೆ ಎಂಟೇ ಪೂರ್ತಿ. ಹೀಗೆ ಕೊನೆಗೆ ಎರಡು ಉಳಿದಾಗಲೂ "ನಾವು ತೆಗೆಯೋದು ಒಂದೇ" ಅನ್ನುವವರು ಬರುತ್ತಾರೆ. ಪೇಪರಿನಲ್ಲಿ ನೀವು ಓದಿದ "ಸ್ವಲ್ಪವೇ" ಅನ್ನುವುದು ಇದು. ಯೋಜನೆಯವರು ಎಷ್ಟು ತೆಗೆದೆವು ಅಂತ ಎಣಿಸುತ್ತಾರೆ, ಆಜಿ ಎಷ್ಟು ಉಳಿಯಿತು ಅಂತ ಎಣಿಸುತ್ತಾರೆ. ಎರಡೂ ಸುಳ್ಳಲ್ಲ.

ಇನ್ನೊಂದು ತಮಾಷೆ ಇದೆ, ತಮಾಷೆ ಅಂತ ನಗಬೇಕೋ ಅಳಬೇಕೋ. ಪರಿಸರ ವರದಿಗೆ ಗಾಳಿ, ನೀರು, ಗಿಡ, ಪ್ರಾಣಿ ಎಲ್ಲದರ ಮಾಹಿತಿ ತೆಗೆಯುವುದು ಸಾಮಾನ್ಯವಾಗಿ ಒಂದು ಹಂಗಾಮು, ಅಂದರೆ ಮೂರು ತಿಂಗಳು. ಅದೂ ಮಳೆಗಾಲ ಬಿಟ್ಟು. ಗೋವಾದಲ್ಲಿ ಮಳೆಗಾಲ ಬಿಟ್ಟರೆ ಉಳಿಯುವುದೇನು ಹೇಳಿ! ಭತ್ತ ಆಗ, ಏಡಿ ಆಗ, ಹಳ್ಳದ ಮೀನು ಆಗ. ರೋಯಣ್ ಅಳಮಿ ಅಂತ ಒಂದು ಅಣಬೆ ಇದೆ. ಮಳೆಗಾಲದಲ್ಲಿ ಮಡಗಾಂವ್ ಮಾರ್ಕೆಟ್ಟಿನಲ್ಲಿ ನೋಡಿರಬಹುದು, ಎಲೆಯಲ್ಲಿ ಕಟ್ಟಿ ಮಾರುತ್ತಾರೆ, ರೇಟು ಕೇಳಿದರೆ ತಲೆ ತಿರುಗುತ್ತದೆ. ರೋಯಣ್ ಅಂದರೆ ಹುತ್ತ. ಗೆದ್ದಲುಗಳೇ ಬೆಳೆಸುವ ಅಣಬೆ ಅದು, ಹುತ್ತದ ಮೇಲೇ ಏಳುತ್ತದೆ, ಕೆಲವೇ ದಿನ. ಇಲ್ಲಿನ ಸಾತೇರಿ ದೇವಿಯೂ ಹುತ್ತವೇ. ನಾವು ನಾಗರ ಪಂಚಮಿಗೆ ಹಾಲೆರೆದು ಬರುತ್ತೇವೆ, ಇವರಿಗೆ ಅದು ಊರ ತಾಯಿ. ಜನವರಿಯಲ್ಲಿ ಬಂದ ಸಮೀಕ್ಷೆಯವರಿಗೆ ಹುತ್ತ ಒಂದು ಮಣ್ಣಿನ ಗುಡ್ಡೆ. ವರದಿಯಲ್ಲಿ ಅದಕ್ಕೆ ಸಾಲೇ ಇಲ್ಲ. ಅಣಬೆ ಹೋದರೆ ಮನೆಯ ಹೆಂಗಸರ ಕೈಗೆ ಬರುವ ದುಡ್ಡು ಹೋಗುತ್ತದೆ, ದೇವರ ಜಾಗವೂ ಹೋಗುತ್ತದೆ.

ಈಗ ನೀವು ಹೇಳಿದ ಮೂರು ಯೋಜನೆಗಳಿಗೆ ಬರೋಣ. ಮೂರೂ ಹಾಯುವುದು ಒಂದೇ ಕಾಡಿನಲ್ಲಿ, ಮೊಲ್ಲೆಂನ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದಲ್ಲಿ. ಒಟ್ಟು ಸುಮಾರು 240 ಚದರ ಕಿಲೋಮೀಟರ್. ಕ್ಯಾಸಲ್‌ರಾಕ್‌ನಿಂದ ಕುಲೆಂವರೆಗೆ ಎರಡನೇ ಹಳಿ, ಅನಮೋಡ ಘಾಟಿನಲ್ಲಿ ನಾಲ್ಕು ಲೇನಿನ ರಸ್ತೆ, ಜೊತೆಗೆ 400 ಕೆವಿ ವಿದ್ಯುತ್ ಲೈನು. 2019ರ ಕೊನೆಯಿಂದ 2020ರ ಏಪ್ರಿಲ್‌ವರೆಗೆ, ಅಂದರೆ ನಾವೆಲ್ಲ ಲಾಕ್‌ಡೌನಿನಲ್ಲಿ ಕೂತಿದ್ದ ಹೊತ್ತಿನವರೆಗೆ, ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಂದೊಂದಾಗಿ ಒಪ್ಪಿಗೆ ಕೊಟ್ಟಿತು. ಮೂರು ಫೈಲು, ಮೂರು ಲೆಕ್ಕ. ಮೂರನ್ನೂ ಕೂಡಿಸಿದವರು ಸಾಮಾನ್ಯ ಜನ. ಸುಮಾರು 59 ಸಾವಿರ ಮರ ಅಂತ ಅವರ ಲೆಕ್ಕಕ್ಕೆ ಬಂತು.

ಕಾನೂನಿನ ಸಂದು ಒಂದಿದೆ, ತಿಳಿದಿರಲಿ. ರೈಲು ಹಳಿ ಮತ್ತು ವಿದ್ಯುತ್ ಲೈನು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಕಾಡಿನ ಒಪ್ಪಿಗೆ ಬೇಕು, ವನ್ಯಜೀವಿಯ ಒಪ್ಪಿಗೆ ಬೇಕು. ಆದರೆ ಊರಿನವರನ್ನು ಕೂರಿಸಿ ಅಹವಾಲು ಕೇಳುವ ಪರಿಸರ ಸಭೆ ಬೇಕಾಗಿಲ್ಲ. ಪಟ್ಟಿಯಲ್ಲಿರುವ ಯೋಜನೆಗಳ ಅರ್ಜಿಯಲ್ಲಿ, ನಮೂನೆ 1ರ 9ನೇ ಭಾಗದಲ್ಲಿ, ಅಕ್ಕಪಕ್ಕದ ಬೇರೆ ಯೋಜನೆಗಳ ಜೊತೆ ಸೇರಿ ಒಟ್ಟು ಪರಿಣಾಮ ಆಗುತ್ತದೆಯೇ ಅಂತ ಒಂದು ಪ್ರಶ್ನೆ ಇದ್ದೇ ಇದೆ. ನಾನು ನೋಡಿದ ಎಷ್ಟೋ ಅರ್ಜಿಗಳಲ್ಲಿ ಅದರ ಮುಂದೆ ಒಂದೇ ಪದ: ಇಲ್ಲ.

2020ರ ನವೆಂಬರ್ 1ರ ರಾತ್ರಿ ಚಾಂದೋರ್‌ನಲ್ಲಿ ಸಾವಿರಾರು ಜನ ಜೋಡಿ ಹಳಿ ಬೇಡ ಅಂತ ಮೇಣದಬತ್ತಿ ಹಿಡಿದು ಹಳಿಯ ಮೇಲೆ ನಿಂತದ್ದು ನಿಮಗೆ ನೆನಪಿರಬೇಕು. ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಘಾಟಿನ ಜೋಡಿ ಹಳಿ ಬೇಡ, ವಿದ್ಯುತ್ ಲೈನನ್ನು ಈಗಾಗಲೇ ಇರುವ ಲೈನಿನ ಜಾಡಿನಲ್ಲೇ ಎಳೆಯಿರಿ ಅಂತ. 2022ರ ಮೇ 9ರಂದು ಕೋರ್ಟು ಹಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಘಾಟಿನ ಏರು 37ಕ್ಕೆ 1. ನೀವು ಆ ರೈಲಿನಲ್ಲಿ ಹೋಗುವವರು, ಹಿಂದಿನಿಂದ ದಬ್ಬಲು ಬೇರೆ ಇಂಜಿನ್ ಕಟ್ಟುವುದನ್ನು ನೋಡೇ ಇರುತ್ತೀರಿ. ಅಂಥ ಕಡಿದಾದ ಜಾಗದಲ್ಲಿ ಎರಡನೇ ಹಳಿ ಹಾಕಿದರೂ ಸಾಮರ್ಥ್ಯ ಹೆಚ್ಚುವುದು ಅಷ್ಟಕ್ಕಷ್ಟೇ ಅಂತ ಸಮಿತಿಯೇ ಹೇಳಿತು. ಜೋಡಿ ಹಳಿಯ ಮೇಲೆ ಊರಿಗೆ ಬೇಗ ಹೋಗುವ ನಿಮ್ಮ ಆಸೆ ತಪ್ಪಲ್ಲ. ಆದರೆ ಆ ಹಳಿ ಯಾರಿಗಾಗಿ ಅಂತ ಇಲ್ಲಿಯವರು ಕೇಳಿದಾಗ ಬೆರಳು ತೋರಿಸಿದ್ದು ಪ್ಯಾಸೆಂಜರ್ ಗಾಡಿಗಲ್ಲ, ಬಂದರಿನಿಂದ ಬಳ್ಳಾರಿ ಕಡೆ ಏರುವ ಕಲ್ಲಿದ್ದಲಿನ ವ್ಯಾಗನ್ನುಗಳಿಗೆ. ನಿಮ್ಮ ಕಿಟಕಿಯ ಪುಡಿಯೂ ಮೊಲ್ಲೆಂನ ಮರವೂ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ.

ಅಭಿವೃದ್ಧಿಯೇ ಬೇಡವಾ ಅಂದಿರಿ. ಗಾವಡಾ, ಕುಣಬಿ, ವೇಳಿಪ್ ಸಮುದಾಯಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ನೂರಕ್ಕೆ ಹತ್ತು ಜನ ಪರಿಶಿಷ್ಟ ಪಂಗಡದವರು. ಇಷ್ಟು ಜನರಿಗೆ ಒಂದೇ ಅಭಿಪ್ರಾಯ ಇರಲು ಸಾಧ್ಯವೇ? ಗಣಿ ಮತ್ತೆ ಶುರುವಾಗಲಿ ಅನ್ನುವ ಟ್ರಕ್ ಮಾಲೀಕರೂ ಅವರಲ್ಲಿದ್ದಾರೆ, ಕೇಪೆ ತಾಲೂಕಿನ ಕಾವರೆಯಲ್ಲಿ ಗಣಿಯ ವಿರುದ್ಧ ನಿಂತವರೂ ಇದ್ದಾರೆ. ಕೆಲವು ಸಲ ಒಂದೇ ಮನೆಯಲ್ಲಿ. ರಸ್ತೆ, ಶಾಲೆ, ಆಸ್ಪತ್ರೆ, ನಲ್ಲಿ ನೀರು ಬೇಡ ಅಂದವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಅದನ್ನು ಕೊಡುತ್ತೇವೆ ಅಂತ ಹೇಳಿ ಕೊಡದೇ ಇದ್ದದ್ದನ್ನು ನೆನಪಿಟ್ಟುಕೊಂಡವರನ್ನು ಮಾತ್ರ ತುಂಬ ನೋಡಿದ್ದೇನೆ.

ಸಾಂಗೇ ತಾಲೂಕಿನ ಕುರ್ಡಿ ಅನ್ನುವ ಊರಿನ ಕಥೆ ಕೇಳಿ. ಗೋವಾ ವಿಮೋಚನೆಯಾದ ಮೇಲೆ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ತಾವೇ ಆ ಊರಿಗೆ ಹೋಗಿ, ಸಾಳಾವಳಿ ಅಣೆಕಟ್ಟು ಬರುತ್ತದೆ, ದಕ್ಷಿಣ ಗೋವಾಕ್ಕೆಲ್ಲ ನೀರಾಗುತ್ತದೆ, ನೀವು ಜಾಗ ಬಿಡಬೇಕು ಅಂತ ಹೇಳಿದರು. ಜನ ಬಿಟ್ಟರು. ಹಿಂದೂ, ಕ್ರೈಸ್ತ, ಮುಸ್ಲಿಂ ಎಲ್ಲರೂ ಇದ್ದ ಊರು. ವಾಡೆಂ, ವಾಲ್ಕಿಣಿ ಅಂತ ಹೊಸ ಜಾಗಗಳಿಗೆ ಹೋದರು. ಎಂಬತ್ತರ ದಶಕದಲ್ಲಿ ಊರು ಮುಳುಗಿತು. ಕದಂಬರ ಕಾಲದ ಮಹಾದೇವ ದೇವಸ್ಥಾನವನ್ನು ಪುರಾತತ್ವ ಇಲಾಖೆ ಕಲ್ಲು ಕಲ್ಲು ಬಿಚ್ಚಿ, ಬೇರೆ ಕಡೆ ಒಯ್ದು ಮೊದಲಿನ ಹಾಗೇ ಜೋಡಿಸಿತು. ಚೆಂದದ ಕೆಲಸ, ಹೊಗಳಬೇಕು. ಮಾಂಡ್ ಅನ್ನು ಹಾಗೆ ಬಿಚ್ಚಿ ಜೋಡಿಸಲು ಬರುವುದಿಲ್ಲ. ಮಾಂಡ್ ಅಂದರೆ ಊರ ನಡುವಿನ ಪವಿತ್ರ ಅಂಗಳ. ಪುಷ್ಯ ಮಾಸದ ರಾತ್ರಿಗಳಲ್ಲಿ ಹೆಂಗಸರು ಅಲ್ಲಿ ಧಾಲೋ ಹಾಡಿ ಕುಣಿಯುತ್ತಾರೆ. ಸಗಣಿ ಸಾರಿಸಿದ ಬರೀ ನೆಲ, ಬದಿಯಲ್ಲಿ ತುಳಸಿ. ಭೂಸ್ವಾಧೀನದವರ ಪಟ್ಟಿಯಲ್ಲಿ ಅದರ ಬೆಲೆ ಎಷ್ಟು ಅಂತ ಬರೆಯುತ್ತೀರಿ? ಗೋಡೆ ಇಲ್ಲ, ಹೆಂಚಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕುರ್ಡಿಯವರು ಇವತ್ತಿಗೂ ಮೇ ತಿಂಗಳಲ್ಲಿ ಅಲ್ಲಿಗೆ ಹೋಗುತ್ತಾರೆ, ಸೋಮೇಶ್ವರನ ಜಾತ್ರೆ ಮಾಡುತ್ತಾರೆ, ಕ್ರೈಸ್ತರ ಪ್ರಾರ್ಥನಾ ಮಂದಿರದ ಹಬ್ಬವನ್ನೂ ಮಾಡುತ್ತಾರೆ, ತಮ್ಮ ಮನೆಯ ಅಡಿಪಾಯದ ಮೇಲೆ ನಿಂತು ಬರುತ್ತಾರೆ. ಪರಿಹಾರ ಕೊಟ್ಟ ದಿನವೇ ಫೈಲು ಮುಚ್ಚಿತ್ತು. ಇವರ ಪಾಲಿಗೆ ಅದಿನ್ನೂ ತೆರೆದೇ ಇದೆ.

ಇದು ಗೋವಾದ ಕಥೆ ಮಾತ್ರ ಅಂದುಕೊಳ್ಳಬೇಡಿ. ಘಾಟಿ ಹತ್ತಿದರೆ ನಮ್ಮ ಜೋಯಿಡಾ. ಅಲ್ಲಿಯವರೂ ಕುಣಬಿಗಳೇ. ಕಾಳಿ ನದಿಗೆ ಸೂಪಾ ಅಣೆಕಟ್ಟು, ಆಮೇಲೆ ಕೊಡಸಳ್ಳಿ, ಕದ್ರಾ, ಕೈಗಾ ಅಣು ಸ್ಥಾವರ, ಅದರ ತಂತಿಗಳು, ಮೇಲೆ ಹುಲಿ ಸಂರಕ್ಷಿತ ಪ್ರದೇಶ. ಒಂದೇ ನದಿ, ಒಂದೇ ಜನ, ಒಂದರ ಮೇಲೊಂದು. ಗೋವಾದ ಕುಣಬಿಗೆ ಪರಿಶಿಷ್ಟ ಪಂಗಡದ ಸ್ಥಾನ ಇದೆ, ಜೋಯಿಡಾದ ಕುಣಬಿ ಅದಕ್ಕಾಗಿ ಇನ್ನೂ ಓಡಾಡುತ್ತಿದ್ದಾರೆ. ಗಡಿಯ ಒಂದು ಗೆರೆ ಅಷ್ಟೆ.

ಕೂಡಿಸಿ ನೋಡಿ ಅಂತ ಕೋರ್ಟುಗಳೂ ಹೇಳಲು ಶುರು ಮಾಡಿವೆ. 2013ರ ಉತ್ತರಾಖಂಡದ ಪ್ರವಾಹದ ನಂತರ, ಅಲ್ಲಿನ ಜಲವಿದ್ಯುತ್ ಯೋಜನೆಗಳ ಒಟ್ಟು ಪರಿಣಾಮ ಪರೀಕ್ಷಿಸಿ ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಒಡಿಶಾದ ನಿಯಮಗಿರಿಯ ತೀರ್ಪು ಬಂದಿತ್ತು. ಬಾಕ್ಸೈಟ್ ಗಣಿ ಬೇಕೋ ಬೇಡವೋ ಅಂತ ಗ್ರಾಮಸಭೆಗಳನ್ನೇ ಕೇಳಿ, ಅವರ ದೇವರ ಹಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ. 12 ಗ್ರಾಮಸಭೆ ಸೇರಿದವು, 12ರಲ್ಲೂ ಬೇಡ ಅಂದರು. ಅದಕ್ಕೆ ಬಲ ಕೊಟ್ಟಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಗೋವಾದಲ್ಲಿ ಇದೇ ಕಾಯ್ದೆಯಡಿ ಸುಮಾರು 10 ಸಾವಿರ ಅರ್ಜಿ ಬಿದ್ದವು, ತೀರ್ಮಾನ ಮಾತ್ರ ಆಮೆ ನಡಿಗೆ. ಹಕ್ಕುಪತ್ರ ಇಲ್ಲದವನಿಗೆ ನಷ್ಟವೂ ಕಾಗದದ ಮೇಲೆ ಕಾಣಿಸುವುದಿಲ್ಲ. ಹಾಗಾಗಿ ಇದೂ ಕೂಡುಪೆಟ್ಟಿನ ಒಂದು ಭಾಗವೇ.

ನನಗೆ ಬಹಳ ಹಿಡಿಸಿದ್ದು ಕೆನಡಾದ ಒಂದು ತೀರ್ಪು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬ್ಲೂಬೆರಿ ರಿವರ್ ಎಂಬ ಮೂಲನಿವಾಸಿ ಸಮುದಾಯ ಇದೆ. ಮೊದಲಿನ ಹಾಗೇ ಬೇಟೆಯಾಡಬಹುದು, ಮೀನು ಹಿಡಿಯಬಹುದು ಎಂಬ ಮಾತಿನ ಮೇಲೆ ಅವರ ಹಿರಿಯರು 1900ರಲ್ಲಿ ಒಪ್ಪಂದಕ್ಕೆ ಸೇರಿದ್ದರು. ಆಮೇಲೆ ಎಣ್ಣೆ ಬಾವಿ, ಗ್ಯಾಸು, ಮರ ಕಡಿತ, ರಸ್ತೆ, ಒಂದೊಂದಕ್ಕೂ ಬೇರೆ ಬೇರೆ ಪರವಾನಗಿ. ಅವರು 2015ರಲ್ಲಿ ಕೋರ್ಟಿಗೆ ಹೋದಾಗ ಯಾವ ಒಂದು ಯೋಜನೆಯ ಮೇಲೂ ದೂರು ಹೇಳಲಿಲ್ಲ. ಎಲ್ಲ ಪರವಾನಗಿಗಳೂ ಸೇರಿ ಒಪ್ಪಂದ ಮುರಿದಿದೆ ಅಂದರು. ನಕ್ಷೆ ತಂದರು, ಹಿರಿಯರನ್ನು ಸಾಕ್ಷಿಗೆ ನಿಲ್ಲಿಸಿದರು. ಅವರ ನೆಲದ ನೂರಕ್ಕೆ 85 ಭಾಗ ಯಾವುದೋ ಒಂದು ಬಾವಿಯಿಂದಲೋ ರಸ್ತೆಯಿಂದಲೋ 250 ಮೀಟರ್ ಒಳಗೇ ಇತ್ತು. 2021ರ ಜೂನ್‌ನಲ್ಲಿ ಅವರು ಗೆದ್ದರು. ಸರ್ಕಾರ ಅಪೀಲು ಹೋಗಲಿಲ್ಲ, 2023ರ ಜನವರಿಯಲ್ಲಿ ಅವರ ಜೊತೆ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ಆ 250 ಮೀಟರಿನ ಲೆಕ್ಕ ನೋಡಿ. ತೆಗೆದುಕೊಂಡ ನೆಲ ಎಷ್ಟು ಅಂತ ಅಲ್ಲ, ಗದ್ದಲವಿಲ್ಲದ ನೆಲ ಎಷ್ಟು ಉಳಿದಿದೆ ಅಂತ ಅಳೆದಿದ್ದಾರೆ. ಸಾಂಗೇಯ ಆಜಿ ಮೊರ ಕೇರುತ್ತಾ ಹೇಳಿದ್ದೂ ಅದನ್ನೇ.

ನೀವು ಮಾಡಬಹುದಾದ್ದು ಒಂದಿದೆ. ಆ ಹುಡುಗನನ್ನು ವಾದಕ್ಕೆ ಎಳೆಯಬೇಡಿ. ಟೆಂಪೊ ಖಾಲಿ ಇರುವ ಹೊತ್ತಿನಲ್ಲಿ ಒಂದು ಹಾಳೆ ಕೊಟ್ಟು, ಅವನ ಅಜ್ಜಿಯ ಕಾಲದಲ್ಲಿ ಊರಲ್ಲಿ ಏನೇನು ಎಲ್ಲಿತ್ತು ಅಂತ ಬರೆಯಲು ಹೇಳಿ: ಝರಿ, ಗದ್ದೆ, ಮೇವಿನ ಗುಡ್ಡ, ಮಾಂಡ್, ಹುತ್ತ. ಯಾವುದು ಯಾವ ವರ್ಷ ಹೋಯಿತು, ಯಾವುದರ ಹಿಂದೆ ಯಾವುದು ಹೋಯಿತು ಅಂತ ಕೇಳಿ. ಕ್ರಮ ಮುಖ್ಯ, ಯಾಕಂದರೆ ಒಂದು ಹೋದದ್ದರಿಂದಲೇ ಇನ್ನೊಂದು ಹೋಗಿರುತ್ತದೆ. ಬಂದರು ವಿಸ್ತರಣೆಗೆ 2017ರಲ್ಲಿ ವಾಸ್ಕೋದಲ್ಲಿ ದಿನಗಟ್ಟಲೆ ಜನರ ಅಹವಾಲು ಸಭೆ ನಡೆದಿತ್ತಲ್ಲ, ಅಂಥದ್ದು ಮತ್ತೆ ಬಂದರೆ ನೀವೂ ಅದೇ ರೀತಿ ಒಂದು ಹಾಳೆ ಬರೆದುಕೊಂಡು ಹೋಗಿ. 22 ವರ್ಷದಲ್ಲಿ ನಿಮ್ಮ ಓಣಿಯಲ್ಲಿ ಏನೇನು ಬಂತು, ಏನೇನು ಹೋಯಿತು, ಎಷ್ಟು ಮಕ್ಕಳಿಗೆ ಕೆಮ್ಮು. ಕನ್ನಡದಲ್ಲೇ ಬರೆದುಕೊಡಿ, ಲಿಖಿತ ಅಹವಾಲಿಗೆ ಸ್ವೀಕೃತಿ ಕೇಳಿ ಪಡೆಯಿರಿ. "ಈ ಯೋಜನೆಯ ಪುಡಿ ಎಷ್ಟು" ಅಂತ ಕೇಳಿದರೆ "ಸ್ವಲ್ಪವೇ" ಅಂತಾರೆ. "ಈಗಾಗಲೇ ಇರುವುದರ ಮೇಲೆ ಇದೂ ಸೇರಿದರೆ ಒಟ್ಟು ಎಷ್ಟು, ಮಳೆಗಾಲದಲ್ಲಿ ಅಳೆದಿದ್ದೀರಾ" ಅಂತ ಕೇಳಿ.

ಮೇ ತಿಂಗಳಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಂಡು ಅವನ ಜೊತೆ ಕುರ್ಡಿಗೆ ಹೋಗಿ ಬನ್ನಿ. ಮಡಗಾಂವ್ ಮೇಲೆ ಸಾಂಗೇ ದಾಟಿ ಹೋಗಬೇಕು. ಕೆರೆ ತಳದಲ್ಲಿ ನೆರಳಿಲ್ಲ, ಬಿಸಿಲು ಜಾಸ್ತಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ.